‘ಕ್ಲೌಡ್‌ನಲ್ಲಿದೆ ಬಿಡಿ’

ಮುಂಬಯಿಯ ಕನ್ನಡಿಗರಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಐರೋಲಿಯಲ್ಲಿ, ಪವಾಯಿಯಲ್ಲಿ, ಬಿಕೆಸಿಯಲ್ಲಿ, ಗೋರೆಗಾಂವಿನ ಗಾಜಿನ ಕಟ್ಟಡಗಳಲ್ಲಿ ನಮ್ಮವರು ತುಂಬಿದ್ದಾರೆ. ಬ್ಯಾಂಕಿನ ಸರ್ವರ್ ನೋಡಿಕೊಳ್ಳುವವರು, ವಿಮಾ ಕಂಪನಿಯ ಡೇಟಾಬೇಸ್ ಕಾಯುವವರು, ಅಮೆರಿಕದ ಯಾವುದೋ ಆಸ್ಪತ್ರೆಯ ದಾಖಲೆಗಳು ಒಂದು ನಿಮಿಷವೂ ಕಾಣೆಯಾಗದಂತೆ ರಾತ್ರಿ ಪಾಳಿಯಲ್ಲಿ ಕೂತಿರುವವರು. ಇವರೇ ತಮ್ಮ ಮನೆಯಲ್ಲಿ ಅಮ್ಮನ ದನಿ, ಅಪ್ಪನ ಪತ್ರಗಳ ಸ್ಕ್ಯಾನು, ಮಗುವಿನ ಮೊದಲ ಐದು ವರ್ಷದ ಫೋಟೊ, ತಾವೇ ಬರೆದ ಕಥೆ ಕವಿತೆ ಎಲ್ಲವನ್ನೂ ಒಂದೇ ಒಂದು ಲ್ಯಾಪ್‌ಟಾಪಿನಲ್ಲೋ ಒಂದೇ ಒಂದು ಫೋನಿನಲ್ಲೋ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಕೇಳಿದರೆ ಒಂದು ಉತ್ತರ ಸಿದ್ಧವಾಗಿದೆ: ‘ಕ್ಲೌಡ್‌ನಲ್ಲಿದೆ ಬಿಡಿ.’

ನನಗೆ ಈ ‘ಬಿಡಿ’ಯ ಮೇಲೆ ಸಿಟ್ಟು. ಬ್ಯಾಕಪ್ ಎನ್ನುವುದು ಹದಿನೆಂಟು ವರ್ಷಗಳಿಂದ ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ನಮಗೆ ಯಾರೂ ‘ಬಿಡಿ’ ಅನ್ನುವುದಿಲ್ಲ. ಎಷ್ಟು ಗಂಟೆಯ ಡೇಟಾ ಕಳೆದುಕೊಂಡರೆ ಸಹಿಸಬಹುದು, ಎಷ್ಟು ಗಂಟೆಯೊಳಗೆ ಮತ್ತೆ ಎದ್ದು ನಿಲ್ಲಬೇಕು ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿರುತ್ತೇವೆ. ವರ್ಷಕ್ಕಿಷ್ಟು ಸಲ ಮುಖ್ಯ ಕೇಂದ್ರವನ್ನು ಬೇಕೆಂದೇ ನಿಲ್ಲಿಸಿ, ಇನ್ನೊಂದು ಊರಿನ ಕೇಂದ್ರದಿಂದ ಕೆಲಸ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತೇವೆ. ಇಷ್ಟೆಲ್ಲ ಮಾಡಿಯೂ ಕೈಕೊಡುವುದುಂಟು. 2021ರ ಫೆಬ್ರವರಿ 24ರಂದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತುಹೋದದ್ದು ಷೇರು ಹಾಕುವವರಿಗೆ ನೆನಪಿರಬಹುದು. ಬದಲಿ ಕೇಂದ್ರ ಇತ್ತಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು ಸೆಬಿ ಕೇಳಿತು. ಕೋಟಿಗಟ್ಟಲೆ ಸುರಿದ ಕಡೆಯಲ್ಲೇ ಹೀಗಾದರೆ, ಯಾವ ಸೆಟ್ಟಿಂಗನ್ನೂ ತೆರೆದು ನೋಡದ ನಮ್ಮ ‘ಕ್ಲೌಡ್‌ನಲ್ಲಿದೆ’ಗೆ ಏನು ಆಧಾರ?

ಏನಿದೆ ಆ ಕ್ಲೌಡಿನಲ್ಲಿ, ನೋಡಿದ್ದೀರಾ? ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಪುಕ್ಕಟೆ ಇಟ್ಟುಕೊಳ್ಳುತ್ತಿದ್ದದ್ದು 2021ರ ಜೂನ್ 1ಕ್ಕೆ ಮುಗಿಯಿತು. ಆಮೇಲೆ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ 15 ಜಿಬಿ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ 2024ರಿಂದ ಅದೇ 15 ಜಿಬಿಯ ಲೆಕ್ಕಕ್ಕೆ ಸೇರಿಕೊಂಡಿತು. ಜಾಗ ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ. ನಿಂತಿದೆ ಎಂಬ ಸೂಚನೆಯನ್ನು ನೀವು ಲೋಕಲ್ ಟ್ರೇನಿನಲ್ಲಿ ನೇತಾಡುತ್ತ ಬೆರಳಿನಿಂದ ಪಕ್ಕಕ್ಕೆ ಸರಿಸಿರುತ್ತೀರಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಶುರುಮಾಡಿತು. ಅದು ಅವರ ಅಂಗಡಿ, ಅವರ ನಿಯಮ. ನನಗೆ ಅವರ ಮೇಲೆ ದೂರಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅದರ ಕನ್ನಡ ಗುಂಪುಗಳಲ್ಲಿ ರಾತ್ರಿಯೆಲ್ಲ ಕೂತು ನಾವು ಜಗಳವಾಡಿದ್ದು, ಪದ್ಯ ಬರೆದದ್ದು ಎಲ್ಲಿದೆ ಈಗ? ಜಿಯೊಸಿಟೀಸ್ 2009ರಲ್ಲಿ ಹೋಯಿತು, ಪಿಕಾಸಾ 2016ರಲ್ಲಿ. ಒಂದು ಮುಚ್ಚಿದಾಗಲೆಲ್ಲ ನಾವು ಅಯ್ಯೋ ಎಂದು ಉದ್ಗರಿಸಿ, ಇನ್ನೊಂದಕ್ಕೆ ಹೋಗಿ ಅದೇ ರೀತಿ ಹಾಸಿಗೆ ಹಾಸಿದೆವು.

ಇನ್ನೊಂದು ಗೊಂದಲವಿದೆ, ಕಂಪ್ಯೂಟರಿನವರೇ ಅದನ್ನು ಮಾಡಿಕೊಳ್ಳುತ್ತಾರೆ ಎನ್ನುವುದು ನಾಚಿಕೆಯ ಸಂಗತಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಫೋನಿನಲ್ಲಿ ಜಾಗ ಮಾಡಲೆಂದು ಹಳೆಯ ಫೋಟೊ ಅಳಿಸಿದವರು ಕ್ಲೌಡಿನದ್ದೂ ಹೋಗಿದೆ ಎಂದು ತಿಳಿಯುವಷ್ಟರಲ್ಲಿ ಕಸದ ಬುಟ್ಟಿಯ ಅವಧಿಯೂ ಮುಗಿದಿರುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ಜೊತೆ ರ‍್ಯಾನ್ಸಮ್‌ವೇರ್ ಬಂದು ಕಡತಗಳಿಗೆಲ್ಲ ಬೀಗ ಜಡಿದರೆ, ಆ ಬೀಗ ಜಡಿದ ಕಡತಗಳೇ ನಿಷ್ಠೆಯಿಂದ ಮೇಲಕ್ಕೂ ಹೋಗುತ್ತವೆ. 2017ರ ಜೂನಿನಲ್ಲಿ ನಾಟ್‌ಪೆಟ್ಯ ಎಂಬ ಹಾವಳಿಯಲ್ಲಿ ನಮ್ಮ ಪಕ್ಕದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲೇ ಸ್ತಬ್ಧವಾಗಿತ್ತು. ಉರಾಣದ ರಸ್ತೆಯಲ್ಲಿ ಕಂಟೇನರ್ ಲಾರಿಗಳ ಸಾಲು ಕಂಡವರಿಗೆ ಇದು ಎಲ್ಲೋ ರಷ್ಯಾ, ಉಕ್ರೇನಿನ ಕಥೆ ಅನ್ನಿಸಲಿಕ್ಕಿಲ್ಲ.

ಈಗ ನನ್ನನ್ನು ಇಷ್ಟು ಕಟುವಾಗಿ ಬರೆಯಲು ಹಚ್ಚಿದ ವಿಷಯಕ್ಕೆ ಬರುತ್ತೇನೆ.

ಡೊಂಬಿವಲಿಯಲ್ಲಿ ನಮ್ಮ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದರು. ಹೆಸರು ಬೇಡ. ಹನ್ನೊಂದನೆಯ ವಯಸ್ಸಿಗೆ ಕೋಟೆಯ ಹೋಟೆಲಿಗೆ ಲೋಟ ತೊಳೆಯಲು ಬಂದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬ್ಯಾಂಕ್ ಸೇರಿ, ಅಧಿಕಾರಿಯಾಗಿ ನಿವೃತ್ತರಾದವರು. ಮುಂಬಯಿ ಕನ್ನಡದ ಚರಿತ್ರೆ ಎಂದರೆ ಹೆಚ್ಚುಪಾಲು ಇದೇ: ಹಗಲು ಹೋಟೆಲು, ರಾತ್ರಿ ಶಾಲೆ. ಆದರೆ ಅದನ್ನು ಕಂಡು ಬದುಕಿದವರ ಮಾತಿನಲ್ಲಿ ಅದು ದಾಖಲಾದದ್ದು ಕಡಿಮೆ. ಇವರು ನಿವೃತ್ತಿಯ ನಂತರ ಆ ಕೆಲಸಕ್ಕೆ ಕೂತರು. ತಮ್ಮಂತೆ ರಾತ್ರಿ ಶಾಲೆಯಲ್ಲಿ ಕಲಿತವರನ್ನು ಹುಡುಕಿಕೊಂಡು ವಸಾಯಿಯಿಂದ ಪನ್ವೇಲಿನವರೆಗೆ ಅಲೆದರು. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೂತು ನುಡಿಯಲ್ಲಿ ಟೈಪು ಮಾಡುತ್ತಿದ್ದರು. ಸಿಕ್ಕಾಗಲೆಲ್ಲ ‘ಅರವತ್ತೆರಡು ಜನ ಆಯಿತು’, ‘ಎಪ್ಪತ್ತು ಆಯಿತು’ ಎಂದು ಲೆಕ್ಕ ಹೇಳುವರು. ನೂರಾದ ಮೇಲೆ ಪುಸ್ತಕ ಎಂಬ ಹಟವಿತ್ತು. ಆ ಎಪ್ಪತ್ತು ಚಿಲ್ಲರೆ ಜನರಲ್ಲಿ ಹಲವರು ಈಗ ಇಲ್ಲ. ಇವರೂ ಕಳೆದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು.

ಹದಿಮೂರರ ಬೊಜ್ಜ ಮುಗಿದ ಮೇಲೆ ಅವರ ಮನೆಯವರು ನನಗೆ ಫೋನ್ ಮಾಡಿದರು. ‘ಮಗಾ, ಅವರು ದಿನಾ ರಾತ್ರಿ ಇದರ ಎದುರೇ ಕೂತಿರ್ತಿದ್ರು. ಇದರೊಳಗೆ ಏನುಂಟು ಅಂತ ನೀನಾದರೂ ನೋಡಿ ಹೇಳು.’ ಹೋದೆ. ಲ್ಯಾಪ್‌ಟಾಪ್ ಹೊಸದು, ಮಗ ಪುಣೆಯಿಂದ ತಂದುಕೊಟ್ಟದ್ದು. ಆನ್ ಮಾಡಿದರೆ ಪಾಸ್‌ವರ್ಡ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಡಿಸ್ಕ್ ಹೊರಗೆ ತೆಗೆದು ಓದೋಣವೆಂದರೆ ಅದು ಎನ್‌ಕ್ರಿಪ್ಟ್ ಆಗಿತ್ತು, 48 ಅಂಕಿಗಳ ಕೀಲಿ ಕೇಳಿತು. ಆ ಕೀಲಿ ಅವರ ಇಮೇಲ್ ಖಾತೆಯಲ್ಲಿ. ಖಾತೆಗೆ ಹೋಗಬೇಕಾದರೆ ಅವರ ಮೊಬೈಲ್ ನಂಬರಿಗೆ ಬರುವ ಒಟಿಪಿ ಬೇಕು. ಸಿಮ್ ರೀಚಾರ್ಜ್ ಮಾಡದೆ ನಾಲ್ಕು ತಿಂಗಳಾಗಿತ್ತು, ನಂಬರು ಸತ್ತಿತ್ತು. ರೆಕಾರ್ಡಿಂಗುಗಳಿದ್ದ ಹಳೆಯ ಫೋನನ್ನು ದೀಪಾವಳಿಯ ಎಕ್ಸ್‌ಚೇಂಜಿನಲ್ಲಿ ಕೊಟ್ಟಾಗಿತ್ತು. ಅದರ ಹಿಂದಿನ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕು ಕಪಾಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು, ತಿರುಗಿಸಿದರೆ ಟಕ್ ಟಕ್ ಎಂದು ಸದ್ದು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ಸಾವಿರ ಕೇಳಿದರು, ಬರುತ್ತದೆ ಎಂಬ ಖಾತರಿ ಇಲ್ಲದೆ. ಮಗ ಕೊಟ್ಟ. ಬಂದದ್ದು ಹನ್ನೊಂದು ಕಡತ. ಅವುಗಳಲ್ಲಿ ಮೂರು, ಸೊಸೈಟಿಯ ನೀರಿನ ಬಿಲ್ಲಿನ ತಕರಾರು ಅರ್ಜಿಗಳು.

ಆ ಹಿರಿಯರನ್ನು ನಾನು ದೂರುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಕೀಲಿಮಣೆ ಕಲಿತವರು ಅವರು. ನನ್ನ ತಕರಾರು ಇರುವುದು ಅವರ ಸುತ್ತ ಇದ್ದ ನಮ್ಮ ತಲೆಮಾರಿನ ಮೇಲೆ. ಅವರ ಕಟ್ಟಡದಲ್ಲೇ ಐಟಿಯವರು ನಾಲ್ಕು ಮಂದಿ. ಸಂಘದ ಕಾರ್ಯಕ್ರಮದಲ್ಲಿ ಅವರಿಗೆ ಶಾಲು ಹೊದೆಸಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡವರಲ್ಲಿ ಐಟಿಯವರು ಹದಿನೈದು ಮಂದಿಯಾದರೂ ಇದ್ದಾರು. ಶಾಲಿನ ಬದಲು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಟ್ಟು, ಒಂದು ಭಾನುವಾರ ಮಧ್ಯಾಹ್ನ ಕೂತು ಎಲ್ಲವನ್ನೂ ಎರಡು ಕಡೆ ಇಳಿಸಿ ಕೊಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಹಿರಿಯರ ಕೃತಿಯನ್ನು ಹೊಗಳುವುದಕ್ಕೆ ನಮ್ಮಲ್ಲಿ ಪುರುಸೊತ್ತುಂಟು, ಅದರ ಪ್ರತಿ ಮಾಡುವುದಕ್ಕೆ ಮಾತ್ರ ಇಲ್ಲ.

ಬ್ಯಾಂಕ್ ಖಾತೆಗೆ ನಾಮಿನಿ ಬರೆಯುತ್ತೇವೆ. ಫ್ಲ್ಯಾಟಿನ ಷೇರ್ ಸರ್ಟಿಫಿಕೇಟಿಗೆ, ಎಲ್‌ಐಸಿಗೆ, ಪಿಎಫ್‌ಗೆ ಎಲ್ಲಕ್ಕೂ ಬರೆಯುತ್ತೇವೆ. ಗೂಗಲ್ ಖಾತೆಯಲ್ಲೂ ‘ನಾನು ಇಷ್ಟು ತಿಂಗಳು ಬಾರದೆ ಇದ್ದರೆ ಇಂಥವರಿಗೆ ಕೊಡಿ’ ಎಂದು ಹೇಳುವ ವ್ಯವಸ್ಥೆ ವರ್ಷಗಳಿಂದ ಇದೆ, ಆ್ಯಪಲ್‌ನಲ್ಲೂ ಇದೆ. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ತುಂಬಿದ್ದೀರಿ? ತೊಂಬತ್ತು ದಿನ ಬಳಸದ, ಬಾಕಿ ಇಲ್ಲದ ಪ್ರಿಪೇಯ್ಡ್ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಆ ನಂಬರು ಬೇರೊಬ್ಬರ ಕೈಗೆ ಹೋಗುತ್ತದೆ. ಮನೆಯಲ್ಲಿ ಸಾವಾದಾಗ ಮೊದಲು ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಭಟ್ಟರಿಗೆ ಹೇಳುವುದರ ಜೊತೆಗೆ, ಆ ಸಿಮ್ಮಿಗೆ ರೀಚಾರ್ಜ್ ಮಾಡುವುದನ್ನೂ ಸೇರಿಸಿಕೊಳ್ಳಿ ಎಂದರೆ ಅಪಶಕುನ ಎಂದು ಮುಖ ತಿರುಗಿಸುತ್ತೀರಿ.

ಇನ್ನು ಈ ನಗರ. ಬೇರೆ ಊರಿನವರು ಉಡಾಫೆ ಮಾಡಿದರೆ ಹೋಗಲಿ ಅನ್ನಬಹುದು, ಮುಂಬಯಿಯಲ್ಲಿ ಇದ್ದುಕೊಂಡು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕಲೀನಾ, ಕುರ್ಲಾ, ಕಲಾನಗರದ ನೆಲಮಹಡಿಗಳೆಲ್ಲ ಮುಳುಗಿದವು. ಆಗೆಲ್ಲ ಸಿಪಿಯು ಡಬ್ಬಿ ಇಡುತ್ತಿದ್ದದ್ದು ನೆಲದ ಮೇಲೇ. ಮಂತ್ರಾಲಯಕ್ಕೆ 2012ರ ಜೂನ್ 21ರಂದು ಬೆಂಕಿ ಬಿದ್ದು ರಾಜ್ಯ ಸರಕಾರದ ಕಡತಗಳೇ ಸುಟ್ಟುಹೋದವು. ಅದು ಬಿಡಿ, ದೊಡ್ಡ ದುರಂತವೇ ಬೇಕೆಂದಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗಲೆಲ್ಲ ಗಂಟುಮೂಟೆ ಕಟ್ಟುವವರು ನಾವು. ಪ್ರತಿ ಸಲವೂ ಒಂದು ಡಬ್ಬಿ ಕಾಣೆಯಾಗುತ್ತದೆ. ವಿರಾರ್ ಫಾಸ್ಟಿನ ರ‍್ಯಾಕಿನ ಮೇಲೆ ಲ್ಯಾಪ್‌ಟಾಪ್ ಚೀಲ ಇಟ್ಟು ಬೋರಿವಲಿಯಲ್ಲಿ ಜನರೇ ಹೊರಕ್ಕೆ ದೂಡಿದಾಗ ಚೀಲ ಒಳಗೇ ಉಳಿಯುತ್ತದೆ. ಬಾಗಿಲಲ್ಲಿ ನಿಂತವನ ಕೈಗೆ ಹೊರಗಿನಿಂದ ಕೋಲಿನೇಟು ಹಾಕಿ ಫೋನು ಬೀಳಿಸುವವರಿದ್ದಾರೆ. ನಾಲ್ಕು ತಿಂಗಳ ತೇವಕ್ಕೆ ಸಿಡಿಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಚಪ್ಪಲಿಗೆ ಹಿಡಿಯುವ ಬೂಷ್ಟು ಸಿಡಿಗೆ ಹಿಡಿಯದೆ ಬಿಡುತ್ತದೆಯೇ.

ಕನ್ನಡದವರಿಗೆ ಇನ್ನೊಂದು ಪೀಡೆ ಉಂಟು. ಇಂಗ್ಲಿಷಿನವರಿಗೆ ಇದು ಅರ್ಥವೂ ಆಗದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಾವು ಬರೆದದ್ದೆಲ್ಲ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಅವು ಒಳಗೆ ಕನ್ನಡವಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಉಪಾಯ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಯುರೋಪಿನ ಅಕ್ಷರಗಳ ಸಂತೆ. ನಿಮ್ಮ ಕಡತ ಭದ್ರವಾಗಿಯೇ ಇದೆ, ಮೂರು ಕಡೆ ಇದೆ, ಆದರೆ ಮಗಳು ಇಪ್ಪತ್ತು ವರ್ಷದ ನಂತರ ತೆರೆದಾಗ ಅದು ಕೆಟ್ಟುಹೋದ ಕಡತ ಎಂದುಕೊಂಡು ಅಳಿಸುತ್ತಾಳೆ. ಮುಂಬಯಿಯ ಸಂಘಗಳ ಸ್ಮರಣ ಸಂಚಿಕೆಗಳು ಒಂದು ಕಾಲಕ್ಕೆ ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿದ್ದವು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಡಿಟಿಪಿ ಅಂಗಡಿಯವನ ಹಳೆಯ ಯಂತ್ರ ಗುಜರಿಗೆ ಹೋದ ದಿನ ಆ ಸಂಚಿಕೆಯ ಮೂಲವೂ ಹೋಯಿತು. ಹಳೆಯ ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒತ್ತಕ್ಷರ ಅಲ್ಲಿ ಇಲ್ಲಿ ತಪ್ಪಾದರೂ ಓದಬಹುದು. ಅಷ್ಟನ್ನಾದರೂ ಈ ಕೆಲಸ ಗೊತ್ತಿರುವವರು ಬದುಕಿರುವಾಗಲೇ ಮಾಡಿಸಿಕೊಳ್ಳಬೇಕು.

ಪ್ರತಿ ಮಾಡುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ಕನ್ನಡ ಎಂಎ ಮಾಡುವ ಹುಡುಗರೆಲ್ಲ ಬಾಯಿಪಾಠ ಮಾಡುತ್ತಾರೆ. ‘ದಾನಚಿಂತಾಮಣಿ’ ಎಂದು ಅಂಡರ್‌ಲೈನ್ ಮಾಡಿ ಐದು ಅಂಕ ತೆಗೆದುಕೊಳ್ಳುತ್ತಾರೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ರನ್ನನ ಪರಶುರಾಮಚರಿತ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ಶೂದ್ರಕ ಬೇರೆಯವರು ಎತ್ತಿ ಬರೆದುಕೊಂಡ ಬಿಡಿ ಪದ್ಯಗಳಲ್ಲಷ್ಟೇ ಉಳಿದಿದೆ. ಅವು ಉಳಿಯಲಿಲ್ಲವಾದ್ದರಿಂದ ಕಳಪೆ ಕಾವ್ಯಗಳು ಎಂದು ಯಾರಾದರೂ ಹೇಳುತ್ತಾರೆಯೇ? ಓಲೆಗರಿಯನ್ನು ಗೆದ್ದಲು ತಿನ್ನುವ ಮೊದಲು ಇನ್ನೊಬ್ಬರು ಕೂತು ಪ್ರತಿ ಮಾಡಲಿಲ್ಲ, ಅಷ್ಟೇ. ನಮ್ಮ ಹಿಂದಿನ ತಲೆಮಾರಿನ ಮುಂಬಯಿ ಲೇಖಕರು ಈ ವಿಷಯದಲ್ಲಿ ನಮಗಿಂತ ಪುಣ್ಯವಂತರು. ಯಶವಂತ ಚಿತ್ತಾಲರ ಶಿಕಾರಿಯೋ ವ್ಯಾಸರಾಯ ಬಲ್ಲಾಳರ ಕಾದಂಬರಿಯೋ ಅಚ್ಚಾಗಿ ಧಾರವಾಡ, ಮೈಸೂರು, ಮಂಗಳೂರು ಎಂದು ನೂರು ಗ್ರಂಥಾಲಯಗಳಲ್ಲಿ ಹೋಗಿ ಕೂತಿತು. ಒಂದು ಕಡೆ ಮಳೆ ಸೋರಿದರೆ ಇನ್ನೊಂದು ಕಡೆ ಒಣಗಿರುತ್ತದೆ. ನಮ್ಮ ಬರಹ ಒಂದು ಯಂತ್ರದಲ್ಲಿ ಹುಟ್ಟಿ, ಒಂದು ಸರ್ವರಿನಲ್ಲಿ ಪ್ರಕಟವಾಗಿ, ಡೊಮೇನಿನ ವಾರ್ಷಿಕ ಹಣ ಕಟ್ಟುವುದು ಒಬ್ಬರು ಮರೆತ ದಿನ ಕಣ್ಮರೆಯಾಗುತ್ತದೆ. (ಸಂಪಾದಕರು ಬೇಸರ ಮಾಡಿಕೊಳ್ಳಬಾರದು. ಈ ಪತ್ರಿಕೆಯ ಹಳೆಯ ಸಂಚಿಕೆಗಳ ಇನ್ನೊಂದು ಪ್ರತಿ ಯಾರ ಮನೆಯಲ್ಲಿದೆ ಎಂದು ನಾನೂ ಕೇಳುವವನಿದ್ದೇನೆ.)

ಇದಕ್ಕೆ ಬರುವ ಒಂದು ಆಕ್ಷೇಪ ನನಗೆ ಗೊತ್ತು, ಅದು ಹಗುರವಾದದ್ದಲ್ಲ. ‘ಎಲ್ಲವನ್ನೂ ಯಾಕೆ ಉಳಿಸಬೇಕು? ಮರೆವೂ ಬೇಕಲ್ಲ. ನಲವತ್ತು ಸಾವಿರ ಫೋಟೊ ಇಟ್ಟುಕೊಂಡು ಯಾರು ನೋಡುತ್ತಾರೆ?’ ಕವಿ ಮನಸ್ಸಿನ ಗೆಳೆಯರು ಇದನ್ನು ಚಹಾ ಹೀರುತ್ತ ಬಹಳ ಚೆನ್ನಾಗಿ ಹೇಳುತ್ತಾರೆ. ಒಪ್ಪುತ್ತೇನೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು, ವಡಾಪಾವಿನ ಹನ್ನೆರಡು ಕೋನಗಳನ್ನು ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆರಿಸಿ ಎಸೆಯುವುದು ಒಂದು, ಕಳೆದುಹೋಗುವುದು ಇನ್ನೊಂದು. ಡಿಸ್ಕ್ ಕೆಟ್ಟಾಗ ಗುಲಾಬಿ ಮಾತ್ರ ಹೋಗಿ ಅಜ್ಜಿಯ ಹಾಡು ಉಳಿಯುವುದಿಲ್ಲ. ನೀವು ಕೂತು ಆರಿಸಿ, ಬೇಡವಾದದ್ದನ್ನು ನೀವೇ ಅಳಿಸಿದರೆ ನನಗೆ ಸಂತೋಷ. ಹಾಗೆ ಆರಿಸಿದವರೊಬ್ಬರನ್ನೂ ನಾನು ಇನ್ನೂ ಕಂಡಿಲ್ಲ. ಮರೆವಿನ ತತ್ತ್ವ ಹೇಳಿದ ಗೆಳೆಯನೇ ಫೋನು ಕಳೆದ ದಿನ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ‘ಏನಾದರೂ ಮಾಡು ಮಾರಾಯ’ ಎಂದು ಗೋಗರೆದ.

ಮಾಡಬೇಕಾದ್ದು ಹೆಚ್ಚಿಲ್ಲ. ಈ ಕಸುಬಿನಲ್ಲಿ ಒಂದು ಹಳೆಯ ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನದ್ದು ಒಂದು. ಎರಡನೆಯದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಇಳಿಸಿಕೊಂಡ ಮೇಲೆ ಕೇಬಲ್ ಕಿತ್ತು ಕಪಾಟಿನಲ್ಲಿ ಇಡಬೇಕು. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ತಿನ್ನುತ್ತದೆ. ಪೆನ್‌ಡ್ರೈವ್ ಸಾಲದು, ಅದು ಒಯ್ಯುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಮೂರನೆಯದಕ್ಕೆ ಕ್ಲೌಡ್ ಇರಲಿ, ದುಡ್ಡು ಕೊಟ್ಟೇ ಇಡಿ. ಆದರೆ ವಲಸೆಗಾರರಾದ ನಮಗೆ ಕ್ಲೌಡಿಗಿಂತ ಒಳ್ಳೆಯ ಜಾಗವೊಂದಿದೆ, ಅದು ಊರಿನ ಮನೆ. ಚೌತಿಗೋ ಮೇ ರಜೆಗೋ ಮತ್ಸ್ಯಗಂಧದಲ್ಲಿ ಹೋಗುವಾಗ ಒಂದು ಡಿಸ್ಕ್ ಒಯ್ದು ಅಲ್ಲಿ ಇಟ್ಟು, ಕಳೆದ ವರ್ಷ ಇಟ್ಟದ್ದನ್ನು ವಾಪಸು ತನ್ನಿ. ಹಪ್ಪಳ, ಕುಚ್ಚಲಕ್ಕಿ, ಮಾವಿನ ಮಿಡಿಯ ಉಪ್ಪಿನಕಾಯಿ ಹೊರುವ ಚೀಲದಲ್ಲಿ ಅಂಗೈಯಗಲದ ಒಂದು ಡಿಸ್ಕಿಗೆ ಜಾಗ ಸಿಗುತ್ತದೆ. ಪಿಕ್ಸಾರ್ ಕಂಪನಿಯವರು 1998ರಲ್ಲಿ ತಮ್ಮ ಟಾಯ್ ಸ್ಟೋರಿ 2 ಚಿತ್ರದ ಕಡತಗಳನ್ನು ತಾವೇ ತಪ್ಪಿ ಅಳಿಸಿಕೊಂಡಾಗ ಆಫೀಸಿನ ಬ್ಯಾಕಪ್ ಕೈಕೊಟ್ಟಿತ್ತು. ಎಳೆಮಗುವಿದ್ದುದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಉದ್ಯೋಗಿಯೊಬ್ಬಳ ಮನೆಯಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಇಟ್ಟರೆ ಸಾಲದು, ತೆರೆದು ನೋಡಬೇಕು. ವರ್ಷಕ್ಕೊಂದು ದಿನ, ಆಯುಧಪೂಜೆಯ ದಿನವೇ ಇರಲಿ, ಹೇಗೂ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುತ್ತೀರಿ. ಹತ್ತು ಕಡತ ಯದ್ವಾತದ್ವಾ ಆರಿಸಿ ಡಿಸ್ಕಿನಿಂದ ತೆರೆಯಿರಿ. ದನಿ ಕೇಳುತ್ತದೆಯೇ, ಅಕ್ಷರ ಓದುತ್ತದೆಯೇ ನೋಡಿ. ಪಾಸ್‌ವರ್ಡುಗಳನ್ನು ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಹಾಕಿ, ಫ್ಲ್ಯಾಟಿನ ಕಾಗದಪತ್ರದ ಫೈಲಿನಲ್ಲಿಡಿ. ಇದಕ್ಕೆ ಸೈಬರ್ ಸುರಕ್ಷತೆಯ ಪಂಡಿತರು ನನಗೆ ಬೈಯುತ್ತಾರೆ. ಬೈಯಲಿ, ನಮ್ಮ ಹಿರಿಯರ ಲ್ಯಾಪ್‌ಟಾಪಿನ ಎದುರು ಕೂತಿದ್ದವನು ನಾನು.

ಸಂಘಗಳ ವಿಷಯ. ಈ ನಗರದಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ನೆಲೆಗಳಿವೆ. ಅವುಗಳ ಪುಸ್ತಕ, ಪತ್ರಿಕೆಗಳಾದರೂ ಅಚ್ಚಿನಲ್ಲಿ ಉಳಿದಾವು. ನನ್ನ ಚಿಂತೆ ಉಪನಗರಗಳ ಸಣ್ಣ ಸಂಘಗಳದ್ದು. ಅವುಗಳ ಸದಸ್ಯರ ಪಟ್ಟಿ, ಮೂವತ್ತು ವರ್ಷದ ಸಭೆಯ ನಡಾವಳಿ, ಯಕ್ಷಗಾನದ ವೀಡಿಯೊ, ನಾಟಕದ ಫೋಟೊ ಎಲ್ಲ ಇರುವುದು ಆ ವರ್ಷದ ಕಾರ್ಯದರ್ಶಿಯ ಸ್ವಂತ ಲ್ಯಾಪ್‌ಟಾಪಿನಲ್ಲಿ. ಚುನಾವಣೆಯಲ್ಲಿ ಜಗಳವಾಗಿ ಅವರು ಹೊರಗೆ ಹೋದರೆ ಸಂಘದ ನೆನಪೂ ಅವರ ಜೊತೆ ಹೋಗುತ್ತದೆ. ನಾನು ಸದಸ್ಯನಾಗಿರುವ ಸಂಘದ ಕಳೆದ ಮಹಾಸಭೆಯಲ್ಲಿ ಇದನ್ನು ಎತ್ತಿದೆ. ಎರಡು ಹಾರ್ಡ್ ಡಿಸ್ಕ್, ಒಂದು ಕಚೇರಿಯ ಕಪಾಟಿನಲ್ಲಿ, ಒಂದು ಖಜಾಂಚಿಯ ಮನೆಯಲ್ಲಿ, ಆರು ತಿಂಗಳಿಗೊಮ್ಮೆ ಹೊಸದಾಗಿ ತುಂಬಿಸುವುದು, ತುಂಬಿಸುವ ಕೆಲಸ ನನ್ನದು ಎಂದೆ. ಎಲ್ಲರೂ ತಲೆಯಾಡಿಸಿದರು. ವಿಷಯವನ್ನು ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬಲ್ಲಿ ಸೇರಿಸಿಕೊಂಡರು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಆ ಸಭೆಯ ನಡಾವಳಿಯನ್ನು ಕಾರ್ಯದರ್ಶಿಗಳು ತಮ್ಮ ಫೋನಿನಲ್ಲಿ ಟೈಪು ಮಾಡಿಕೊಳ್ಳುತ್ತಿದ್ದರು. ಮುಂದಿನ ಸಭೆ ಅಕ್ಟೋಬರಿನಲ್ಲಿ, ಡಿಸ್ಕ್ ಎರಡೂ ನಾನೇ ಕೊಂಡು ಒಯ್ಯುತ್ತೇನೆ.